ಅಪ್ಪನ ಕಾರಿನ ಬ್ಯಾಟರಿ: ಮಲ್ಲುಗ ಪತ್ರ

|| ಶ್ರೀ ಶರಣಬಸವೇಶ್ವರ ಪ್ರಸನ್ನ ||

ವಿನ್ನಿಪೆಗ್, ಕೆನಡಾ

ಚಿ. ಮಲ್ಲುಗ ಆಶೀರ್ವಾದ. ಅಪ್ಪ-ಅವ್ವಗ ಶರಣು. ಇಲ್ಲಿ ಎಲ್ಲಾ ಆರಾಮ.

ಅಪ್ಪಗ ರಾತ್ರಿ ಮತ್ತ ಉಸಿರು ಕಟ್ಟಿದಂಗ ಆಯ್ತು, ಅದೇ ಹೊತ್ತಿಗಿ ಕಾರು ಕಟ್-ಕಟ್ ಅಂದು ನಿಂತುಬಿಡ್ತು ಅಂತ ಬರದಿ. ಇನ್ನೊಮ್ಮಿ ಹಂಗಾದರ ಕಾರಿನ ದಾರಿ ನೋಡಬ್ಯಾಡ, 108ಕ್ಕ ಫೋನ್ ಹಚ್ಚು. ಆದರ ಕಾರೂ ತಯಾರ ಇರಬೇಕಲ್ಲ.

ಹೊಸ ಬ್ಯಾಟರಿಗಿ ಈಗೇ ರೊಕ್ಕ ಹಾಕಬ್ಯಾಡ. ಸಾಲಾಗಿ ಕಟ್-ಕಟ್ ಅಂದು ಲೈಟ್ ಮಂಕಾದರ ಚಾರ್ಜ್ ಇಳದದ, ಇಲ್ಲಾ ಟರ್ಮಿನಲ್, ಅಂದರ ಬ್ಯಾಟರಿಗಿ ವೈರ್ ಕೂಡೋ ಜಾಗ, ಸಡ್ಲ ಆಗ್ಯದ. ಲೈಟ್ ಝಗಝಗ ಇದ್ದು ಒಂದೇ ಸಲ ಟಕ್ ಅಂದರ ಸ್ಟಾರ್ಟರ್, ಅಂದರ ಇಂಜಿನ್ ತಿರುಗಿಸೋ ಮೋಟರ್ ಕಡಿ ನೋಡಬೇಕು. 10 ನಂಬರ್ ಪಾನಾದಿಂದ ಪಹಿಲಾ ಕರಿ ವೈರ್ ಬಿಚ್ಚು, ಆಮ್ಯಾಲ ಕೆಂಪು. ಹಚ್ಚುವಾಗ ಉಲ್ಟಾ, ಕರೀದು ಕಡೀಕ. ಬಿಳಿ ಪುಡಿ ಕುಂತಿದ್ದರ ಅಡಿಗಿ ಸೋಡಾ ಕಲಸಿದ ನೀರಿನಾಗ ತಿಕ್ಕು. ಆ ನೀರು ಸೆಲ್, ಅಂದರ ಬ್ಯಾಟರಿ ಖಾನೆ ಒಳಗ ಒಂದು ಹನಿನೂ ಹೋಗಬಾರದು.

ಮಲ್ಟಿಮೀಟರ್ ಹಿಡಿ. 12.6 ವೋಲ್ಟ್ ಇದ್ದರ ತುಂಬ್ಯದ, 12.2 ಅಂದರ ಅರ್ಧಾ, 12ರ ಕೆಳಗ ಬಂತಂದರ ಖಾಲಿನೇ ಅನ್ನು. ಚಾರ್ಜ್ ಮಾಡಿದ ಮ್ಯಾಲೂ 10.5ಕ್ಕೇ ನಿಂತರ ಆರು ಸೆಲ್ಲಿನಾಗ ಒಂದು ಸತ್ತದ, ಅದಕ್ಕ ಔಷಧ ಇಲ್ಲ.

ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ, ಹತ್ತರಾಗ ಒಂದು ಪಾಲು ಅಂದರ ಮೂರೂವರಿ ಆಂಪಿಯರ್‌ಗ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡಸು. ಮನಿ ಇನ್ವರ್ಟರ್‌ಗ ಜೋಡಸೋ ಶಾಣ್ಯಾತನ ಬ್ಯಾಡ. ಅದು ದೊಡ್ಡ ಬ್ಯಾಟರಿ ಲೆಕ್ಕದಾಗ ಕರೆಂಟ್ ತಳ್ಳಿ ಇದನ್ನ ಕುದಿಸಿಬಿಡ್ತದ. ಬೂಚ್ ಇರೋ ಬ್ಯಾಟರಿ ಆದರ ಪ್ಲೇಟ್ ಮುಳುಗೋವಷ್ಟು ಡಿಸ್ಟಿಲ್ಡ್ ವಾಟರ್ ಮೊದಲೇ ಹಾಕು, ಗುರುತಿನತನಕ ತುಂಬೋದು ಚಾರ್ಜ್ ಆದ ಮ್ಯಾಲ. ಬೋರಿನ ನೀರು ಬ್ಯಾಡ, ಆಸಿಡ್ ಅಂತೂ ಬ್ಯಾಡೇ ಬ್ಯಾಡ. ಹೈಡ್ರೋಜನ್ ಬರ್ತದ, ಅದಕ್ಕ ಬಾಗಿಲು ತಗದಿಡು, ಕಾಕಾನ ಬೀಡಿ ಹೊರಗ. ಬ್ಯಾಟರಿ ಉಬ್ಬಿದ್ದರ ಚಾರ್ಜರ್ ಹಚ್ಚಲೇಬ್ಯಾಡ.

ಚಾರ್ಜ್ ಬಿಚ್ಚಿದ ಕೂಡಲೇ ಮೀಟರ್ ಸುಳ್ಳು ಹೇಳ್ತದ. ಎಂಟ್ಹತ್ತು ತಾಸು ಬಿಟ್ಟು ನೋಡು. 12.6 ನಿಂತಿದ್ದರ ವಯರ್ ಕೂಡಿಸಿ ಸೆಲ್ಫ್ ಹೊಡಿ, ಹೊಡಿಯೋವಾಗ 9.6ರ ಕೆಳಗ ಇಳೀಬಾರದು. ಇಳದರ ಪ್ಲೇಟಿನ ಮ್ಯಾಲ ಸಲ್ಫೇಟ್ ಗಟ್ಟಿ ಆಗಿರಬೇಕು, ತಿಂಗಳಾನುಗಟ್ಟಲೆ ಖಾಲಿ ನಿಂತದ್ದರ ಫಲ ಅದು. ಆಗ ವಾರಂಟಿ ಕಾರ್ಡ್ ಹುಡುಕು, ಹಳೇದು ಕೊಟ್ಟು ಹೊಸದು ತೊಗೊ. ಗಾಡಿ ಚಾಲೂ ಆದ ಮ್ಯಾಲ ಟರ್ಮಿನಲ್ ನಡುವ 13.8ರಿಂದ 14.5 ಬರಬೇಕು, ಇಲ್ಲಂದರ ಆಲ್ಟರ್ನೇಟರ್, ಅಂದರ ಗಾಡಿ ನಡದಾಗ ಬ್ಯಾಟರಿ ಚಾರ್ಜ್ ಮಾಡೋ ಯಂತ್ರ, ತೋರಸು.

ನಿಂತ ಗಾಡಿನೂ ಗಡಿಯಾರ, ಲಾಕ್ ಅಂತ ಕರೆಂಟ್ ತಿಂತದ. 50 ಮಿಲಿಆಂಪಿಯರ್ ಅಂದರ ದಿನಕ್ಕ 1.2 ಆಂಪಿಯರ್-ಅವರ್, ತಿಂಗಳದಾಗ ನಮ್ಮ ಬ್ಯಾಟರಿ ಬರಿದು. ಮ್ಯಾಲ ಕಲಬುರಗಿ ಬಿಸಲು; ಉಷ್ಣ ಏರಿದಂಗ ಚಾರ್ಜ್ ತಾನೇ ಜಲ್ದಿ ಸೋರ್ತದ. ಮನಿ ಮುಂದ ಹತ್ತು ಮಿನಿಟ್ ಚಾಲೂ ಇಟ್ಟರ ಏನೂ ತುಂಬಲ್ಲ. ವಾರಕ್ಕೊಮ್ಮಿ ಅವ್ವನ್ನ ಗಾಣಗಾಪುರಕ್ಕ ಕರ್ಕೊಂಡು ಹೋಗು, ದರ್ಶನನೂ ಆಗ್ತದ ಚಾರ್ಜೂ ಆಗ್ತದ.

ಇಲ್ಲಿ ಮಂದಿ ಚಳಿಗಾಲದಾಗ ಕಾರಿಗೇ ವಯರ್ ಕಟ್ಟಿ ಪ್ಲಗ್ಗಿಗಿ ಹಾಕ್ತಾರ, ಇಂಜಿನ್ ಬೆಚ್ಚಗ ಇರ್ಲಿ ಅಂತ! ಎಲ್ಲಾ ಕಾರಿನ ಮೂತಿಗೂ ಬಾಲ. ನಗಬ್ಯಾಡ, −30ರಾಗ ಖಾಲಿ ಬ್ಯಾಟರಿ ಹೆಪ್ಪುಗಟ್ಟಿ ಒಡೀತದ.

ನನ್ನ ಚಿಂತಿ ಬ್ಯಾಡ, ಊಟ-ನಿದ್ದಿ ಎಲ್ಲಾ ಚೊಲೋ ನಡದದ, ಖರೇನೇ ಚೊಲೋ. ಅಪ್ಪಂದು ಇಸಿಜಿ ಫೋಟೋ ಇವತ್ತೇ ಕಳಸು, ಗುಳಿಗಿ ತಪ್ಪಸಬ್ಯಾಡ ಅನ್ನು. ಡ್ಯೂಟಿಗಿ ಹೊತ್ತಾಯ್ತು.

ನಿನ್ನ ಅಣ್ಣ