ಬ್ರಷ್ ಕಂಡರೆ ಓಡುವ ಮಕ್ಕಳ ಮನೆಯವರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಸೋಮವಾರದಿಂದ ಒಂದನೇ ತರಗತಿಯ ಮಕ್ಕಳೆಲ್ಲ ಮಧ್ಯಾಹ್ನ ಊಟವಾದ ಮೇಲೆ ಶಾಲೆಯಲ್ಲೇ ಹಲ್ಲುಜ್ಜಲಿದ್ದಾರೆ. ಆಟಿಸಂ ಇರುವ ಮಕ್ಕಳೂ ಜೊತೆಗಿರುತ್ತಾರೆ, ಅವರವರಿಗೆ ಆಗುವಷ್ಟೇ ಮಾಡುತ್ತಾರೆ. ಈ ಪತ್ರ ಮುಖ್ಯವಾಗಿ ಆ ಮಕ್ಕಳ ಮನೆಯವರಿಗೆ. ಉಳಿದವರೂ ಓದಿ, ಪಕ್ಕದಲ್ಲಿ ನಿಂತು ನೋಡುವವರು ನಿಮ್ಮ ಮಕ್ಕಳೇ ತಾನೇ.

"ಇಬ್ಬರು ಹಿಡಿದುಕೊಂಡು ಉಜ್ಜುತ್ತೇವೆ ಟೀಚರ್, ಬೇರೆ ದಾರಿಯಿಲ್ಲ" ಎಂದು ಕೆಲವರು ಹೇಳಿದ್ದೀರಿ. ದಾರಿ ಇದೆ, ಸ್ವಲ್ಪ ನಿಧಾನದ್ದು. ಮಗು ಹಠ ಮಾಡುತ್ತಿಲ್ಲ. ನಮ್ಮ ಗಮನಕ್ಕೂ ಬಾರದ ಬ್ರಷ್ಷಿನ ಚುಚ್ಚು, ಪುದೀನ ಪೇಸ್ಟಿನ ಖಾರ, ಬಾಯಿ ತುಂಬುವ ನೊರೆ ಅದಕ್ಕೆ ತಡೆಯಲಾಗದಷ್ಟು ಜೋರಾಗಿ ತಾಗುತ್ತವೆ. ಹಿಡಿದು ಉಜ್ಜಿದರೆ ಆ ಹೊತ್ತಿಗೆ ಹಲ್ಲು ಶುಚಿಯಾದೀತು. ಮರುದಿನ ಬಾತ್‌ರೂಮಿನ ಬಾಗಿಲಲ್ಲೇ ಅಳು ಶುರು.

ಮೊದಲು ಯಾವುದು ತೊಂದರೆ ಕೊಡುತ್ತಿದೆ ಎಂದು ಹುಡುಕಿ. ಪೇಸ್ಟ್ ಹಾಕದೆ ಒದ್ದೆ ಬ್ರಷ್ ಮಾತ್ರ ಕೊಟ್ಟು ನೋಡಿ. ಅದಕ್ಕೆ ಒಪ್ಪಿದರೆ ಪೇಸ್ಟ್ ಬದಲಿಸಿ: ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ರಾಸಾಯನಿಕ ಇಲ್ಲದ ಪೇಸ್ಟಿನಲ್ಲಿ ನೊರೆ ಕಡಿಮೆ. ಆದರೆ ಪೇಸ್ಟಿನಲ್ಲಿ ಫ್ಲೋರೈಡ್ ಇರಲೇಬೇಕು. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಈಗ ಮಳೆಗಾಲ ಬೇರೆ, ಬೆಳಿಗ್ಗೆ ನಲ್ಲಿ ನೀರು ಕೊರೆಯುತ್ತದೆ. ನೀರನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಸುಮ್ಮನಾಗುವ ಮಕ್ಕಳೂ ಇದ್ದಾರೆ.

ಆಮೇಲೆ ಒಂದೊಂದೇ ಹೆಜ್ಜೆ. ಬ್ರಷ್ ಕೈಯಲ್ಲಿ ಹಿಡಿಯುವುದು, ತುಟಿಗೆ ತಾಗಿಸುವುದು, ಮುಂದಿನ ಒಂದು ಹಲ್ಲು. ಒಂದು ಸಲೀಸಾದ ಮೇಲಷ್ಟೇ ಇನ್ನೊಂದು. ಎದುರಿನಿಂದ ಕೈ ತರಬೇಡಿ. ಕನ್ನಡಿಯ ಮುಂದೆ ಮಗುವಿನ ಹಿಂದೆ ನಿಲ್ಲಿ. ಎಲ್ಲಕ್ಕಿಂತ ಮುಖ್ಯ, ಯಾವಾಗ ಮುಗಿಯುತ್ತದೆ ಎಂಬುದು ಮಗುವಿಗೆ ಮೊದಲೇ ಗೊತ್ತಿರಬೇಕು. ಹತ್ತು ಎಣಿಸುತ್ತೇವೆ ಎಂದರೆ ಹತ್ತಕ್ಕೆ ನಿಲ್ಲಿಸಿ, ಹಿಂದಿನ ಹಲ್ಲು ಉಳಿದರೂ ಸರಿ. ಮನೆಯಲ್ಲಿ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸುತ್ತೀರಾದರೆ ನಮಗೆ ತಿಳಿಸಿ, ಇಲ್ಲೂ ಹಾಗೇ ಎಣಿಸುತ್ತೇವೆ. ಕೊಂಕಣಿ, ಬ್ಯಾರಿಯಾದರೂ ಆಯಿತು, ಬಲ್ಲ ಟೀಚರುಗಳಿದ್ದಾರೆ.

"ಬ್ರಷ್ ಮಾಡಿದರೆ ಚಾಕ್ಲೇಟ್" ಎಂಬ ಒಪ್ಪಂದ ದಯವಿಟ್ಟು ಬೇಡ. ಬೇರೆ ಪಾಠಗಳಿಗೂ ಬಹುಮಾನವಾಗಿ ಮಿಠಾಯಿ ಕೊಡುವ ಅಭ್ಯಾಸವಿದೆ, ಅದೂ ಹುಳುಕಿಗೆ ದಾರಿ. ಸೋಪಿನ ಗುಳ್ಳೆ ಊದಲು ಬಿಡಿ, ಇಷ್ಟದ ಹಾಡು ಹಾಕಿ. ರಾತ್ರಿ ಸಿಹಿ ಸಿರಪ್ ಕುಡಿಸಿ ಹಾಗೇ ಮಲಗಿಸಬೇಡಿ.

ಮಾತು ಬಾರದ ಮಗು ಹಲ್ಲುನೋವನ್ನು ಹೇಳುವ ರೀತಿಯೇ ಬೇರೆ. ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳುವುದು, ಒಂದೇ ಬದಿಯಲ್ಲಿ ಜಗಿಯುವುದು, ಅನ್ನ ಬಿಟ್ಟು ಗಂಜಿತಿಳಿ ಮಾತ್ರ ಕುಡಿಯುವುದು ಕಂಡರೆ "ಆಟಿಸಂ ಅಲ್ವಾ" ಎಂದು ಸುಮ್ಮನಾಗದೆ ಬಾಯಿ ತೋರಿಸಿ. ಹಾಲುಹಲ್ಲು ಹೇಗೂ ಬೀಳುತ್ತದಲ್ಲ ಎನ್ನಬೇಡಿ, ಹಿಂದಿನ ದವಡೆಯ ಹಾಲುಹಲ್ಲು 10ರಿಂದ 12 ವರ್ಷದವರೆಗೂ ಇರುತ್ತದೆ.

ದೇರಳಕಟ್ಟೆ, ಕುಂಟಿಕಾನ, ಮಣಿಪಾಲದ ದಂತ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗವಿದೆ. ಹೋಗುವ ಮೊದಲು ಫೋನ್ ಮಾಡಿ ಮಗುವಿನ ಬಗ್ಗೆ ಹೇಳಿ, ಕಾಯಬೇಕಾಗದ ಹೊತ್ತು ಕೇಳಿ. ಮೊದಲ ದಿನ ಕುರ್ಚಿಯಲ್ಲಿ ಕುಳಿತು ಬಂದರೆ ಅದೇ ದೊಡ್ಡದು. ದೀಪದ ಬೆಳಕಿಗೆ ಕೂಲಿಂಗ್ ಗ್ಲಾಸ್, ಯಂತ್ರದ ಸದ್ದಿಗೆ ಹೆಡ್‌ಫೋನ್ ಒಯ್ಯಿರಿ. "ಗಲಾಟೆ ಮಾಡಿದರೆ ಡಾಕ್ಟರ್ ಹಲ್ಲು ಕೀಳುತ್ತಾರೆ" ಎಂದು ಹೆದರಿಸಬಾರದೆಂದು ಅಜ್ಜ ಅಜ್ಜಿಯರಿಗೂ ಮೆಲ್ಲ ಹೇಳಿಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅರ್ಜಿ ತುಂಬಲು ಆಫೀಸಿನಲ್ಲಿ ಸಹಾಯ ಮಾಡುತ್ತೇವೆ.

ಶುಕ್ರವಾರದೊಳಗೆ ಮನೆಯಲ್ಲಿ ಬಳಸುವಂಥದ್ದೇ ಇನ್ನೊಂದು ಬ್ರಷ್, ಅದೇ ಪೇಸ್ಟ್, ಹೆಸರು ಬರೆದ ಲೋಟ ಕಳಿಸಿ. ಮಗು ಈಗ ಯಾವ ಹೆಜ್ಜೆಯವರೆಗೆ ಒಪ್ಪುತ್ತದೆ ಎಂದು ಡೈರಿಯಲ್ಲಿ ಬರೆಯಿರಿ, ನಾವು ಅಲ್ಲಿಂದಲೇ ಆರಂಭಿಸುತ್ತೇವೆ. ಕನ್ನಡಿಯ ಪಕ್ಕ ಅಂಟಿಸುವ ಚಿತ್ರದ ಕಾರ್ಡುಗಳು ಕ್ಲಾಸ್ ಟೀಚರ ಬಳಿ ಇವೆ, ಕರೆದುಕೊಂಡು ಹೋಗಲು ಬಂದಾಗ ಕೇಳಿ ಪಡೆಯಿರಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಮಂಗಳೂರು