ಆ ರಾತ್ರಿ ಮೇಸ್ತ್ರಿಗಳು ಎದ್ದು ಹೋಗಲಿಲ್ಲ

ತೀರಿಕೊಂಡ ಅಪ್ಪನ ಹಳೆ ಎಂ.ಜಿ. ಕಾರನ್ನು ಹೋದ ವಾರ ಮಾರಿದೆವು. ಸುದ್ದಿ ಕೇಳಿ ತುಂಬಾ ಜನ ಫೋನ್ ಮಾಡಿದಿರಿ. ಎಲ್ಲರ ಹತ್ತಿರ ಸರಿಯಾಗಿ ಮಾತಾಡಲು ನನ್ನಿಂದ ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಕಾಯಿಲೆ, ಆಸ್ಪತ್ರೆ ಓಡಾಟ, ಸಾಲ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಎತ್ತುವುದಿಲ್ಲ. ಜೊತೆಗೆ ನಿಂತವರಿಗೆ, ಅದರಲ್ಲೂ ಕಾರು ರಿಪೇರಿ ಮಾಡಿಕೊಟ್ಟ ಮೇಸ್ತ್ರಿಗಳಿಗೆ, ನಾಲ್ಕು ಮಾತು ಹೇಳಬೇಕು.

ಕಾರಿನ ಕತೆ ಗೊತ್ತಿಲ್ಲದವರಿಗೆ ಮಾತ್ರ ಸ್ವಲ್ಪ ಹೇಳುತ್ತೇನೆ. ಅದು 1952ರ ಎಂ.ಜಿ. ಟಿ.ಡಿ. ಇಂಗ್ಲೆಂಡಿನ ಆ್ಯಬಿಂಗ್‌ಡನ್ ಕಾರ್ಖಾನೆಯಲ್ಲಿ 1949ರಿಂದ 1953ರವರೆಗೆ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಒಟ್ಟು ಸುಮಾರು 30,000 ಕಾರು ಮಾಡಿದ್ದರು. ಬಹುಪಾಲು ಅಮೆರಿಕಕ್ಕೆ ಹೋದವು. ಅದರಲ್ಲಿ ಒಂದನ್ನು ಇಂಗ್ಲಿಷ್ ದೊರೆಯೊಬ್ಬರು ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ತಂದಿದ್ದರು. ದೊರೆ ತಮ್ಮ ಊರಿಗೆ ಹೋದರು, ತೋಟ ಕೈ ಬದಲಾಯಿತು. ಕಾರು ಮಾತ್ರ ಕಾಫಿ ಸ್ಟೋರಿನ ಮೂಲೆಯಲ್ಲಿ ಗೋಣಿಚೀಲಗಳ ಕೆಳಗೆ ಉಳಿಯಿತು. ಅಪ್ಪ ಆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಒಂದು ವರ್ಷ ಬೋನಸ್ ಕೊಡುವಾಗ ಸಾಹುಕಾರ್ರು, "ದುಡ್ಡಿನ ಬದಲು ಆ ಕಾರು ಬೇಕಾದ್ರೆ ಎತ್ಕೊಂಡು ಹೋಗು" ಅಂದರಂತೆ. ಅಪ್ಪ ಎರಡನೇ ಮಾತಾಡದೆ ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ಅಮ್ಮ ವಾರಗಟ್ಟಲೆ ಮಾತು ಬಿಟ್ಟಿದ್ದರು ಅಂತ ಇಬ್ಬರೂ ಹೇಳುತ್ತಿದ್ದರು.

ಅದರ ಮೈ ಒಳಗೆ ಪೂರ್ತಿ ಮರದ ಚೌಕಟ್ಟು. ಮೇಲೆ ತಗಡು. ಇಂಗ್ಲೆಂಡಿನ ಆ್ಯಶ್ ಮರ ನಮ್ಮ ಮಲೆನಾಡಿನ ಮಳೆಗೆ ಪುಡಿಯಾಗಿತ್ತು. ಊರಿನ ಆಚಾರ್ರು ಒಂದೊಂದೇ ತುಂಡು ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಸಾಗುವಾನಿಯಲ್ಲಿ ಮಾಡಿಕೊಟ್ಟರು. ಅವರೂ ಈಗ ಇಲ್ಲ. ನಾವು ಮೂರು ಮಕ್ಕಳೂ ಆ ಕಾರಿನ ಸೀಟಿನ ಹಿಂದಿನ ಸಂದಿಯಲ್ಲಿ ಕೂತು ಚಾರ್ಮಾಡಿ ಘಾಟಿ ಇಳಿದವರು. ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನ ಮುಗಿದರೆ ಅಪ್ಪ ನೇರ ಅಲ್ಲಿನ ಹಳೆ ಕಾರುಗಳ ಸಂಗ್ರಹಕ್ಕೆ ಹೋಗುತ್ತಿದ್ದರು. ಊಟದ ಹೊತ್ತು ಮೀರಿದರೂ ಹೊರಗೆ ಬರುತ್ತಿರಲಿಲ್ಲ.

ಮಾರುವ ಮಾತು ಬಂದಾಗ ನೆಂಟರಲ್ಲಿ ಕೆಲವರು, "ಅಪ್ಪನ ಕಾರು ಮಾರಕ್ಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?" ಅಂದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಅದಕ್ಕೆ ಉತ್ತರ ಕೊಟ್ಟವರು ಅಮ್ಮ. "ಇಲ್ಲೇ ಇಟ್ಕೊಂಡ್ರೆ ಇನ್ನು ನಾಲ್ಕು ಮಳೆಗಾಲಕ್ಕೆ ಅದು ಮಣ್ಣಾಗತ್ತೆ. ಅವರು ಅದನ್ನ ಮಣ್ಣಿಂದ ಎತ್ತಿದ್ದು ಮತ್ತೆ ಮಣ್ಣಿಗೆ ಹಾಕಕ್ಕಲ್ಲ." ಸಾಲ ಇತ್ತು, ನಿಜ. ಆದರೆ ಸಾಲ ಇಲ್ಲದಿದ್ದರೂ ಅಮ್ಮ ಇದನ್ನೇ ಹೇಳುತ್ತಿದ್ದರು ಅಂತ ನನಗೆ ಗೊತ್ತು. ಅಮ್ಮ, ನೀವು ಆವತ್ತು ಹಾಗೆ ಹೇಳದಿದ್ದರೆ ನನಗೆ ಮುಂದಿನ ಹೆಜ್ಜೆ ಇಡಲು ಧೈರ್ಯ ಬರುತ್ತಿರಲಿಲ್ಲ.

ವಂಶವೃಕ್ಷಕ್ಕೆ ನಾಡಕಚೇರಿಗೆ ನನ್ನ ಪರವಾಗಿ ಓಡಾಡಿದ ಚಿಕ್ಕಪ್ಪ, ದೂರದ ದೇಶದಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದ ತಮ್ಮ, ಫೋಟೋ ತೆಗೆದುಕೊಟ್ಟ ಗೆಳತಿ, ಕೊಳ್ಳಲು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟ ಪಕ್ಕದ ಮನೆಯ ಅಕ್ಕ, ನಿಮಗೆಲ್ಲ ನಾನು ಋಣಿ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಗಾಡಿ ಬರಲು ಫಾರಂ 31 ತುಂಬಬೇಕು, ಮಾರುವಾಗ 29 ಮತ್ತು 30. ಆರ್.ಟಿ.ಒ. ಕಚೇರಿಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಂದೊಂದು ಕಾಲಂ ತೋರಿಸಿ ಬರೆಸಿದರು. ಅಪ್ಪನ ಕಾರಿನದು ಎಂ.ವೈ. ಅಂತ ಶುರುವಾಗುವ ನಂಬರ್. 1973ರಲ್ಲಿ ಕರ್ನಾಟಕ ಅಂತ ಹೆಸರು ಬರುವ ಮೊದಲು, ಮೈಸೂರು ರಾಜ್ಯದ ಕಾಲದ್ದು. ಆ ನಂಬರ್ ಹೋಗಿಬಿಡುತ್ತದೇನೋ ಅಂತ ನಾನು ಹೆದರಿದ್ದೆ. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಇದೆ, ಮೊದಲೇ ನೋಂದಣಿ ಆಗಿದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು ಅಂತ ಹೇಳಿದವರೂ ಅವರೇ. ಆ ಒಂದು ಮಾತಿಗೆ ಅವರಿಗೆ ಕೈ ಮುಗಿಯಬೇಕು.

ಇನ್ನು ಮೇಸ್ತ್ರಿಗಳು.

ಪೇಟೆಯಲ್ಲಿ ಜೀಪ್ ರಿಪೇರಿ ಅಂಗಡಿ ಇಟ್ಟಿದ್ದವರು. ನಮ್ಮ ಕಡೆ ತೋಟದ ದಾರಿಗಳಿಗೆಲ್ಲ ಜೀಪೇ ಗತಿ, ಹಾಗಾಗಿ ಅವರಿಗೆ ಕೈ ತುಂಬಾ ಕೆಲಸ. ಆದರೂ ಭಾನುವಾರ ಬಂತೆಂದರೆ ನಮ್ಮ ಕೊಟ್ಟಿಗೆಯಲ್ಲಿ ಅಪ್ಪನ ಜೊತೆ ಕೂತಿರುತ್ತಿದ್ದರು. ಈ ಕಾರಿನ 1250 ಸಿ.ಸಿ. ಎಂಜಿನ್ನಿನಲ್ಲಿ ಒಂದು ವಿಚಿತ್ರ ಇದೆ. ಬೋಲ್ಟಿನ ತಲೆಗೆ ಇಂಗ್ಲಿಷಿನವರ ಇಂಚಿನ ಲೆಕ್ಕದ ವಿಟ್‌ವರ್ತ್ ಸ್ಪ್ಯಾನರ್ ಬೇಕು, ಆದರೆ ಬೋಲ್ಟಿನ ಮರೆ, ಅಂದರೆ ಥ್ರೆಡ್, ಮಿಲಿಮೀಟರ್ ಲೆಕ್ಕದ್ದು. ಈ ಎಂಜಿನ್ ಮಾಡಿದ ಮಾರಿಸ್ ಕಂಪನಿಯವರು ಕವೆಂಟ್ರಿಯಲ್ಲಿದ್ದ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಎಂಜಿನ್ ಕಾರ್ಖಾನೆಯನ್ನು 1923ರಲ್ಲಿ ಕೊಂಡಿದ್ದರು. ಅಲ್ಲಿದ್ದ ಯಂತ್ರಗಳ ಅಳತೆಯೇ ಮುಂದಕ್ಕೂ ಬಂತು. ಇದು ಅಪ್ಪನಿಗೂ ಮೇಸ್ತ್ರಿಗಳಿಗೂ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಇಬ್ಬರೂ ಪೇಟೆಯ ಅಂಗಡಿಯ ಬೋಲ್ಟುಗಳನ್ನೆಲ್ಲ ತಿರುಗಿಸಿ ನೋಡಿ, ಯಾವುದು ಕೂರುತ್ತದೆ ಅಂತ ತಾವೇ ಕಂಡುಕೊಂಡಿದ್ದರು.

ಕಾರು ನೋಡಲು ಬಂದವರು ಬಹಳ. ಒಬ್ಬರು ಹೋಂಸ್ಟೇ ಬಾಗಿಲಲ್ಲಿ ಫೋಟೋಗೆ ನಿಲ್ಲಿಸುತ್ತೇವೆ ಅಂದರು. ಒಳ್ಳೆಯ ರೇಟನ್ನೇ ಹೇಳಿದರು. ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ ಅಂದರು. ನನಗೆ ಅರೆಮನಸ್ಸು. ಮೇಸ್ತ್ರಿಗಳು ಮಾತ್ರ, "ಓಡೋ ಗಾಡಿನ ಓಡಿಸೋರಿಗೇ ಕೊಡಿ ಪಾಪು" ಅಂದರು. ಮೈಸೂರಿನ ನಿವೃತ್ತ ಎಂಜಿನಿಯರ್ ಒಬ್ಬರು ಸಿಕ್ಕಿದ್ದು ಅವರಿಂದಲೇ. ಆ ಹಿರಿಯರು ಹೇಳಿದ್ದು ಎರಡೇ ಮಾತು. ಆಷಾಢ ಕಳೆಯಲಿ, ಶ್ರಾವಣದಲ್ಲಿ ಬಂದು ಒಯ್ಯುತ್ತೇನೆ. ಒಯ್ಯುವ ಮೊದಲು ಒಂದು ಸಲ ಕೊಟ್ಟಿಗೆಹಾರದವರೆಗೆ ನಾನೇ ಓಡಿಸಿ ನೋಡಬೇಕು.

ಅಪ್ಪ ಹಾಸಿಗೆ ಹಿಡಿದ ಮೇಲೆ ಕಾರು ಅಲುಗಾಡಿರಲಿಲ್ಲ. ಮೈಸೂರಿನವರು ಬರುವ ಹಿಂದಿನ ದಿನ ಮಧ್ಯಾಹ್ನ ಮೇಸ್ತ್ರಿಗಳು ಚೀಲ ಹಿಡಿದು ಬಂದರು. ಅವರಿಗೂ ಈಗ ವಯಸ್ಸಾಗಿದೆ, ಮಂಡಿ ನೋವು. ಅಂಗಡಿ ಮಗನಿಗೆ ಕೊಟ್ಟಿದ್ದಾರೆ. ಎರಡು ಗಂಟೆಯ ಕೆಲಸ ಅಂದುಕೊಂಡಿದ್ದೆವು. ಮುಂದಿನ ಬಲಗಡೆಯ ಚಕ್ರ ತಿರುಗಲೇ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತೇವಕ್ಕೆ ವೀಲ್ ಸಿಲಿಂಡರ್ ಜಾಮ್ ಆಗಿತ್ತು. ಪೆಟ್ರೋಲಿನ ರಬ್ಬರ್ ಪೈಪುಗಳು ಊದಿ ಮೆತ್ತಗಾಗಿದ್ದವು. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುತ್ತದೆ, ಹಳೇ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ. ಎರಡು ಕಾರ್ಬುರೇಟರಿನಲ್ಲೂ ಅಂಟು ಕಟ್ಟಿತ್ತು. ಏಳು ಗಂಟೆಗೆ ಕರೆಂಟ್ ಹೋಯಿತು. ಹೊರಗೆ ಮಳೆ. ನಾನು, "ನಾಳೆ ಬರಬೇಡಿ ಅಂತ ಅವರಿಗೆ ಫೋನ್ ಮಾಡ್ತೀನಿ, ನೀವು ಮನೆಗೆ ಹೋಗಿ" ಅಂದೆ. ಅವರು ತಲೆ ಎತ್ತದೆ, "ಟಾರ್ಚ್ ಸ್ವಲ್ಪ ಕೆಳಗೆ ಹಿಡೀರಿ" ಅಂದರು.

ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಸಂದಿ ನೋಡಲು ಫೀಲರ್ ಗೇಜ್ (ತೆಳು ತಗಡಿನ ಅಳತೆಪಟ್ಟಿ) ಹುಡುಕಿದರೆ, ಅಪ್ಪನ ಡಬ್ಬಿಯಲ್ಲಿ ಇರಲಿಲ್ಲ. ಬದಲಿಗೆ ಒಂದು ಬೆರಳಗಲದ ದಪ್ಪ ಕಾಗದ ಇತ್ತು. ಎಣ್ಣೆ ಹಿಡಿದು ಕಂದಾಗಿತ್ತು. ಮೇಸ್ತ್ರಿಗಳು ಅದನ್ನು ಪಾಯಿಂಟಿನ ಮಧ್ಯೆ ಇಟ್ಟು, ಸರಿಯಾಗಿ ಕೂತ ಮೇಲೆ ತೆಗೆದು ನನ್ನ ಕೈಗೆ ಕೊಟ್ಟರು. "ಓದಿ ನೋಡಿ." ಟಾರ್ಚಿಗೆ ಹಿಡಿದೆ. ಕೆಂಪು ಅಕ್ಷರದಲ್ಲಿ 'ಚಿ.ಸೌ.' ಅಂತ ಇತ್ತು, ಅದರ ಮುಂದೆ ನನ್ನ ಹೆಸರಿನ ಮೊದಲ ಎರಡು ಅಕ್ಷರ. ನನ್ನ ಲಗ್ನಪತ್ರಿಕೆ. ಉಳಿದ ಕಾರ್ಡಿನ ಅಂಚು ಕತ್ತರಿಸಿ ಅಪ್ಪ ಗೇಜ್ ಮಾಡಿಕೊಂಡಿದ್ದರು. "ಆ ಕಾರ್ಡಿನ ದಪ್ಪ ಕರೆಕ್ಟಾಗಿದೆ ಅಂತ ರೈಟ್ರು ಬೇರೆ ಯಾವುದನ್ನೂ ಮುಟ್ಟಗೊಡ್ತಿರಲಿಲ್ಲ" ಅಂದರು ಮೇಸ್ತ್ರಿಗಳು. ಮದುವೆ ಆಗಿ ನಾನು ಬೆಂಗಳೂರಿಗೆ ಹೋದ ಮೇಲೆ ಎಷ್ಟು ಭಾನುವಾರ ಅದನ್ನು ಕೈಯಲ್ಲಿ ಹಿಡಿದಿದ್ದರೋ.

ನನಗೆ ಅಳು ಬಂದದ್ದು ಆವಾಗ ಅಲ್ಲ. ಬ್ರೇಕ್ ಬ್ಲೀಡ್ ಮಾಡುವಾಗ, ಅಂದರೆ ಬ್ರೇಕಿನ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವಾಗ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ಚಿಕ್ಕವಳಿದ್ದಾಗ ಅಪ್ಪನಿಗೆ ನಾನೇ ಒತ್ತಿಕೊಡುತ್ತಿದ್ದೆ, ಕಾಲು ಎಟುಕದೆ ಸೀಟಿನ ತುದಿಗೆ ಜಾರಿಕೊಂಡು. ಆ ರಾತ್ರಿ ಅದೇ ಸೀಟಿನಲ್ಲಿ ಕೂತೆ. ಎಡಗಡೆ ಸ್ವಲ್ಪ ಜಾಸ್ತಿ ಕುಸಿದಿದೆ, ಅಪ್ಪ ಹಾಗೇ ಕೂರುತ್ತಿದ್ದದ್ದು. ಕೆಳಗಿನಿಂದ ಮೇಸ್ತ್ರಿಗಳು, "ಒತ್ತಿ. ಹಿಡೀರಿ" ಅಂದರು. ಅಪ್ಪ ಹೇಳುತ್ತಿದ್ದದ್ದೂ ಇದೇ ಎರಡು ಮಾತು, ಇದೇ ಧಾಟಿ. ಯಾರಿಂದ ಯಾರು ಕಲಿತರೋ ಗೊತ್ತಿಲ್ಲ. ಪೆಡಲ್ ಒತ್ತಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ತಿಥಿ ದಿನವೂ ಹಾಗೆ ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕುವಾಗಲೂ ಅತ್ತಿರಲಿಲ್ಲ, ಆವಾಗ ಪುರಸೊತ್ತೇ ಇರಲಿಲ್ಲ. ಅಪ್ಪ ಇಲ್ಲ ಅನ್ನುವುದು ನನ್ನ ಕಾಲಿಗೆ, ಬೆನ್ನಿಗೆ ಗೊತ್ತಾದದ್ದು ಆ ಹೊತ್ತಿನಲ್ಲಿ. ಮೇಸ್ತ್ರಿಗಳು ಸಮಾಧಾನ ಹೇಳಲಿಲ್ಲ. ಸುಮ್ಮನಿರಿ ಅನ್ನಲಿಲ್ಲ. "ಅಳಿ ಪಾಪು, ಪೆಡಲ್ ಮಾತ್ರ ಬಿಡಬೇಡಿ, ಗಾಳಿ ಒಳಗೆ ಹೋಗತ್ತೆ" ಅಂದರು. ನಾನು ಅಳುತ್ತಾ ಹಿಡಿದೆ. ಅವರು ನಿಪ್ಪಲ್ ಬಿಗಿ ಮಾಡಿ, "ಈಗ ಬಿಡಿ" ಅಂದರು. ಹೀಗೇ ನಾಲ್ಕು ಚಕ್ರ.

ಅವರ ಮಗ ಮನೆಗೆ ಕರೆದೊಯ್ಯಲು ಜೀಪ್ ತಂದು ಕಾದು ವಾಪಸ್ ಹೋದ. ಅಮ್ಮ ಅಕ್ಕಿ ರೊಟ್ಟಿ ತಂದು ಇಟ್ಟರು, ಅದು ತಣ್ಣಗಾಯಿತು. ಮೇಸ್ತ್ರಿಗಳು ಮಂಡಿ ಊರಿ ಏಳುವುದು, ಕೂರುವುದು ನೋಡಿ ನನಗೆ ಸಂಕಟ ಆಗುತ್ತಿತ್ತು. ನಡುವೆ ಅವರು ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಗಳನ್ನು ಹೇಳಿದರು. ಅವರ ಅಂಗಡಿ ಶುರುವಾದಾಗ ಸ್ಪ್ಯಾನರ್ ಸೆಟ್ ಕೊಡಿಸಿದ್ದು ಅಪ್ಪ ಅಂತೆ. ಆ ದುಡ್ಡನ್ನು ಕೊನೆವರೆಗೂ ವಾಪಸ್ ತಗೊಳ್ಳಲಿಲ್ಲವಂತೆ. ನಮಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಗಿನ ಜಾವ ಕೀಲಿ ತಿರುಗಿಸಿದರು. ಕಾರಿನೊಳಗಿನ ಪೆಟ್ರೋಲ್ ಪಂಪ್ ಸದ್ದು ಮಾಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಅದಕ್ಕೆ ಮೆಲ್ಲಗೆ ಎರಡು ತಟ್ಟಿದರು. ಟಿಕ್ ಟಿಕ್ ಟಿಕ್ ಅಂತ ಶುರುವಾಯಿತು. ಪೆಟ್ರೋಲ್ ತುಂಬುತ್ತಿದ್ದ ಹಾಗೆ ನಿಧಾನವಾಗಿ ನಿಂತಿತು. ಮೇಸ್ತ್ರಿಗಳು ಚೋಕ್ ಎಳೆದು, ಸ್ಟಾರ್ಟರ್ ಗುಂಡಿ ಮಾತ್ರ ನನ್ನ ಕೈಯಲ್ಲಿ ಎಳೆಸಿದರು. ಮೂರನೇ ಸಲಕ್ಕೆ ಹಿಡಿಯಿತು. ಅಮ್ಮ ಒಳಗಿನಿಂದ ಓಡಿ ಬಂದರು. ಕೂದಲು ಬಿಚ್ಚಿತ್ತು, ಕೈಯಲ್ಲಿ ಬಾಚಣಿಗೆ. ಎಂಜಿನ್ ನಿಲ್ಲುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು.

ಮೈಸೂರಿನವರು ಓಡಿಸಿದರು. ಬ್ರೇಕ್ ಮೆಚ್ಚಿಕೊಂಡರು. ಸಾಗುವಾನಿ ಚೌಕಟ್ಟು ನೋಡಿ, ಇದನ್ನು ಹೀಗೇ ಇಡುತ್ತೇನೆ, ಬದಲಾಯಿಸುವುದಿಲ್ಲ ಅಂದರು. ಅವರಿಗೂ ನನ್ನ ಧನ್ಯವಾದ. ಕಾರು ಲಾರಿ ಹತ್ತಿತು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಮೇಸ್ತ್ರಿಗಳೂ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಬೇಲೂರು, ಹಾಸನದ ಮೇಲೆ ಮೈಸೂರಿಗೆ ಹೋದರು. ಹೊಸ ಧಣಿಗೆ ಕಾರ್ಬುರೇಟರ್ ಟ್ಯೂನ್ ಮಾಡುವುದನ್ನು ತೋರಿಸಿಕೊಟ್ಟು ಬರಬೇಕು ಅಂತ. ಲಗ್ನಪತ್ರಿಕೆಯ ತುಂಡನ್ನು ಅವರೇ ನನ್ನ ಪರ್ಸಿಗೆ ಹಾಕಿದರು. ಆ ಧಣಿಗೆ ಹೊಸ ಫೀಲರ್ ಗೇಜ್ ಕೊಡಿಸುತ್ತೇನೆ ಅಂದರು.

ದುಡ್ಡು ಕೊಡಲು ಹೋದರೆ ಮೇಸ್ತ್ರಿಗಳು ಮುಟ್ಟಲಿಲ್ಲ. ಸ್ಪ್ಯಾನರ್ ಸೆಟ್ಟಿನ ಲೆಕ್ಕ ಇನ್ನೂ ಬಾಕಿ ಇದೆ ಅಂದರು. ಅಮ್ಮ ಅದನ್ನು ಒಪ್ಪಿಲ್ಲ. ಅವರ ಮೊಮ್ಮಗಳು ಈ ವರ್ಷ ಕಾಲೇಜು ಸೇರಿದ್ದಾಳೆ, ಅವಳ ಫೀಸು ನಾವು ಕಟ್ಟುವುದು ಅಂತ ತೀರ್ಮಾನ ಆಗಿದೆ. ಮೇಸ್ತ್ರಿಗಳೇ, ನಿಮ್ಮ ಮಗ ಇದನ್ನು ನಿಮಗೆ ಓದಿ ಹೇಳುತ್ತಾನೆ ಅಂತ ಗೊತ್ತು. ಫೀಸಿನ ವಿಷಯದಲ್ಲಿ ಅಮ್ಮನ ಹತ್ತಿರ ವಾದ ಮಾಡಬೇಡಿ. ಗೌರಿ ಹಬ್ಬಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬನ್ನಿ. ಆವತ್ತು ತಣ್ಣಗಾದ ರೊಟ್ಟಿಯ ಬದಲಿಗೆ ಬಿಸಿ ಕಡುಬು ಮಾಡುತ್ತಾರಂತೆ ಅಮ್ಮ.