ಭಾನುವಾರದ ಚರ್ಚೆ: ಪಾಳುಬಿದ್ದ ನೆಲೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ವಿಡಿಯೋ ಕಾಲ್‌ನಲ್ಲಿ ಸೇರೋಣ. ವಿಷಯ ಗೊತ್ತೇ ಇದೆ: ಮಂಗಳ ಗ್ರಹದಲ್ಲಿ ಹೇಗೋ ಏಗುತ್ತಿರುವ ವಲಸಿಗರಿಗೆ ಪಾಳುಬಿದ್ದ ಹಳೆಯ ನೆಲೆಯೊಂದು ಸಿಗುತ್ತದೆ. ಅದು ಹಾಳಾದದ್ದು ಹೇಗೆ? ಈ ಸಲ ಕಥೆ ಬರೆಯುತ್ತಿರುವವರು ಬರಲೇಬೇಕು. ಉಳಿದವರು ಸುಮ್ಮನೆ ಕೇಳಲು ಬಂದರೂ ಸರಿ.

ಉಲ್ಕೆ ಬಿತ್ತು, ಸ್ಫೋಟವಾಯಿತು ಅನ್ನುವುದು ಬೇಡ, ಸಾಕಾಗಿದೆ. ಬರುವ ಮುಂಚೆ ಅಮೆರಿಕದ ಅರಿಜೋನಾದ ಬಯೋಸ್ಫಿಯರ್ 2 ಬಗ್ಗೆ ಓದಿಕೊಳ್ಳಿ. ಹೊರಗಿನ ಗಾಳಿ ಬರದಂತೆ ಮುಚ್ಚಿ, ಒಳಗೇ ಬೆಳೆ ಬೆಳೆದು ಬದುಕಬಹುದೇ ಎಂದು ನೋಡಲು ಕಟ್ಟಿದ ಗಾಜಿನ ಕಟ್ಟಡ ಅದು. 1991ರಲ್ಲಿ ಎಂಟು ಜನ ಆ ಗಾಜಿನ ಕಟ್ಟಡದೊಳಗೆ ಎರಡು ವರ್ಷಕ್ಕೆಂದು ಹೋದರು. ಗಾಳಿಯಲ್ಲಿದ್ದ ಆಮ್ಲಜನಕ ಸುಮಾರು ಶೇ 21ರಿಂದ 14ರ ಆಸುಪಾಸಿಗೆ ಇಳಿಯಿತು. ಬೆಳೆ ಚೆನ್ನಾಗಿ ಬರಲೆಂದು ತುಂಬಿದ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳೇ ಅದನ್ನು ಬಳಸಿಕೊಳ್ಳುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಬಹುಪಾಲನ್ನು ಕಾಂಕ್ರೀಟ್ ಹೀರಿಕೊಂಡಿತು, ಗಿಡಗಳಿಗೆ ದಕ್ಕಲಿಲ್ಲ, ಹಾಗಾಗಿ ಅವು ಅದನ್ನು ಮತ್ತೆ ಆಮ್ಲಜನಕವಾಗಿಸಲು ಆಗಲಿಲ್ಲ. 1993ರಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಮಂಗಳದಲ್ಲಿ ತುಂಬುವವರು ಯಾರು? ಬಯೋಸ್ಫಿಯರ್ 2ರ ಒಳಗಿದ್ದವರು ಎರಡು ಬಣವಾಗಿದ್ದರು, ಅದೂ ಕಥೆಗೆ ಒದಗುತ್ತದೆ.

ನಿಮ್ಮ ನೆಲೆ ಹಾಳಾದ ಕಾರಣವನ್ನು ಶುಕ್ರವಾರ ರಾತ್ರಿಯೊಳಗೆ ನಾಲ್ಕೇ ಸಾಲಲ್ಲಿ ಇಲ್ಲಿ ಹಾಕಿ. ವಾಯ್ಸ್ ಮೆಸೇಜ್ ಬೇಡ, ಆಮೇಲೆ ಹುಡುಕೋದು ಕಷ್ಟ. ಬರುವವರು ಇವತ್ತೇ 'ಬರ್ತೀನಿ' ಅಂತ ತಿಳಿಸಿ. 6 ಗಂಟೆ ಆಗದಿದ್ದರೆ ಈಗಲೇ ಹೇಳಿಬಿಡಿ.